ಪೆರು ದೇಶದ ಪುರಾತತ್ತ್ವಜ್ಞ ಹೂಲಿಯೊ ತೆಲ್ಲೊ

ಸಾಮ್ರಾಜ್ಯಗಳನ್ನು ಕಟ್ಟಿದವರ ಚರಿತ್ರೆಯನ್ನು ನಾವು ತರಗತಿಯಲ್ಲಿ ಓದುತ್ತೇವೆ. ಮಣ್ಣಿನಲ್ಲಿ ಹೂತುಹೋದ ಚರಿತ್ರೆಯನ್ನು ಎತ್ತಿ ತಂದವರ ಬಾಳನ್ನು ಓದುವ ಅವಕಾಶ ಅಪರೂಪ. ಚರಿತ್ರೆಯ ವಿದ್ಯಾರ್ಥಿಯಾದ ನನ್ನ ಮನಸ್ಸನ್ನು ಇಂಥವರಲ್ಲಿ ಹೆಚ್ಚಾಗಿ ಸೆಳೆದವರು ದಕ್ಷಿಣ ಅಮೆರಿಕದ ಪೆರು ದೇಶದ ಹೂಲಿಯೊ ಸೆಸರ್ ತೆಲ್ಲೊ. ಅವರ ಬಾಳನ್ನೂ, ಅವರು ಪ್ರಾಣದಂತೆ ಪ್ರೀತಿಸಿದ ಚಾವಿನ್ ದೇವಾಲಯದ ಪ್ರಾಂಗಣಗಳನ್ನೂ ಕುರಿತು ನಾಲ್ಕು ಮಾತು ಬರೆಯಲು ಇಲ್ಲಿ ಯತ್ನಿಸಿದ್ದೇನೆ.

ತೆಲ್ಲೊ ಅವರು 1880ರಲ್ಲಿ, ಲಿಮಾ ನಗರದ ಪೂರ್ವಕ್ಕಿರುವ ಹುವಾರೊಚಿರಿ ಎಂಬ ಬೆಟ್ಟದ ಊರಿನಲ್ಲಿ ಹುಟ್ಟಿದರು. ಅವರದು ಆ ನಾಡಿನ ಮೂಲನಿವಾಸಿಗಳ ಕುಟುಂಬ. ಮನೆಯ ಮಾತು ಕೆಚುವ. ಸ್ಪೇನಿನವರು 1532ರಲ್ಲಿ ಬಂದು ಇಂಕಾ ಅರಸರನ್ನು ಮುರಿದ ಮೇಲೆ ಆ ಜನರ ಪಾಲಿಗೆ ಉಳಿದದ್ದು ಬಡತನ ಮತ್ತು ಅನಾದರ. ಹುಡುಗನನ್ನು ಹೇಗಾದರೂ ಓದಿಸಬೇಕೆಂದು ತಂದೆ ಅವನನ್ನು ಲಿಮಾಕ್ಕೆ ಕರೆತಂದರು. ಸ್ವಲ್ಪ ಕಾಲದಲ್ಲಿಯೇ ತಂದೆ ತೀರಿಕೊಂಡರು. ದೊಡ್ಡ ಪಟ್ಟಣದಲ್ಲಿ ಒಂಟಿಯಾದ ಹುಡುಗ ಪತ್ರಿಕೆಗಳನ್ನು ಮಾರಿ, ಸಿಕ್ಕಿದ ಕೆಲಸ ಮಾಡಿ ವಿದ್ಯೆಯನ್ನು ಮುಂದುವರಿಸಿದ. ಅವನ ಪುಣ್ಯಕ್ಕೆ ಪ್ರಸಿದ್ಧ ಸಾಹಿತಿ ರಿಕಾರ್ಡೊ ಪಾಲ್ಮ ಅವರ ಆಶ್ರಯ ದೊರೆಯಿತು. ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಅವರು ಹುಡುಗನಿಗೆ ಅಲ್ಲಿಯೇ ಒಂದು ಕೆಲಸ ಕೊಟ್ಟರು.

ಆ ಗ್ರಂಥಾಲಯವೇ ಅವರ ಬಾಳಿನ ದಿಕ್ಕನ್ನು ತಿರುಗಿಸಿತು. ಪ್ರಾಚೀನ ಪೆರುವಿನ ವೈದ್ಯರು ತಲೆಬುರುಡೆಯನ್ನು ಕೊರೆದು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯ ವರದಿಯೊಂದು ಅಲ್ಲಿ ಅವರ ಕಣ್ಣಿಗೆ ಬಿತ್ತು. ಅದರಲ್ಲಿದ್ದ ಬುರುಡೆಗಳು ಅವರ ಹುಟ್ಟೂರಿನ ಸೀಮೆಯವು; ಅವನ್ನು ಲಿಮಾಕ್ಕೆ ಕಳುಹಿಸಿದವರು ಅವರ ತಂದೆಯೇ ಎಂದು ಹೇಳುತ್ತಾರೆ. ತಮ್ಮ ಪೂರ್ವಿಕರು ಅಜ್ಞಾನಿಗಳೆಂಬ ಮಾತನ್ನು ಕೇಳುತ್ತ ಬೆಳೆದ ಯುವಕನ ಹೃದಯದಲ್ಲಿ ಆಗ ಎಂಥ ಕಿಡಿ ಹೊತ್ತಿರಬೇಕೆಂಬುದನ್ನು ನಾವು ಊಹಿಸಬಹುದು. ಸಾನ್ ಮಾರ್ಕೋಸ್ ವಿಶ್ವವಿದ್ಯಾನಿಲಯದಲ್ಲಿ ಅವರು ವೈದ್ಯಶಾಸ್ತ್ರ ಓದಿದರು. 1908ರ ಅವರ ಪ್ರಬಂಧವೂ ಪ್ರಾಚೀನ ಪೆರುವಿನ ರೋಗವೊಂದನ್ನು ಕುರಿತದ್ದೇ. ಮುಂದೆ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್‌ಗೆ ಹೋಗಿ, 1911ರಲ್ಲಿ ಮಾನವಶಾಸ್ತ್ರದಲ್ಲಿ ಪದವಿ ಗಳಿಸಿ, ಯುರೋಪನ್ನು ಕಂಡು 1913ರಲ್ಲಿ ತಾಯ್ನಾಡಿಗೆ ಮರಳಿದರು.

ಆ ಕಾಲದಲ್ಲಿ ಪೆರುವಿನ ಪ್ರಾಚೀನತೆಯ ವಿಷಯದಲ್ಲಿ ಜರ್ಮನ್ ವಿದ್ವಾಂಸ ಮಾಕ್ಸ್ ಊಲೆ ಅವರ ಮಾತಿಗೆ ಬಹಳ ತೂಕವಿತ್ತು. ಆ ನಾಡಿನ ನಾಗರಿಕತೆಯ ಬೀಜ ಮಧ್ಯ ಅಮೆರಿಕದಿಂದ ಬಂದುದೆಂಬುದು ಊಲೆಯವರ ವಾದ. ತೆಲ್ಲೊ ಇದನ್ನು ಒಪ್ಪಲಿಲ್ಲ. ಆಂಡೀಸ್ ಪರ್ವತದ ಜನ ತಮ್ಮ ನಾಗರಿಕತೆಯನ್ನು ತಾವೇ ಬೆಳೆಸಿಕೊಂಡರೆಂಬುದು ಅವರ ದೃಢವಾದ ನಂಬಿಕೆ. ನಂಬಿಕೆಯೊಂದೇ ವಿದ್ವತ್ತಿನ ಕಣದಲ್ಲಿ ನಿಲ್ಲದು, ಸಾಕ್ಷ್ಯ ಬೇಕು. ಸಾಕ್ಷ್ಯವನ್ನು ಅರಸಿಕೊಂಡು ಅವರು 1919ರಲ್ಲಿ ಚಾವಿನ್ ದೆ ಹುವಾಂತರ್ ಎಂಬಲ್ಲಿಗೆ ಹೋದರು.

ಸಮುದ್ರಮಟ್ಟದಿಂದ ಸುಮಾರು 3,180 ಮೀಟರ್ ಎತ್ತರದಲ್ಲಿ, ಎರಡು ಹೊಳೆಗಳು ಕೂಡುವ ಕಣಿವೆಯಲ್ಲಿ ಈ ಕ್ಷೇತ್ರವಿದೆ. ಇಲ್ಲಿನ ಕಲ್ಲಿನ ದೇವಾಲಯದ ಒಡಲಿನಲ್ಲಿ ಕತ್ತಲೆಯ ಓಣಿಗಳಿವೆ. ಅವುಗಳ ನಡುವೆ ಸುಮಾರು ನಾಲ್ಕೂವರೆ ಮೀಟರ್ ಎತ್ತರದ ದೇವತೆಯ ಶಿಲೆ ಇಂದಿಗೂ ನಿಂತಿದೆ. 1908ರಲ್ಲಿ ಊರಿನವನೊಬ್ಬನಿಗೆ ನೆಲದಲ್ಲಿ ಸಿಕ್ಕಿದ್ದ, ಮೊಸಳೆಯನ್ನು ಹೋಲುವ ಪ್ರಾಣಿಯ ಕೆತ್ತನೆಯುಳ್ಳ ಕಂಬವೊಂದನ್ನು ತೆಲ್ಲೊ ಅಲ್ಲಿನ ಇಗರ್ಜಿಯ ಬಳಿ ಕಂಡು, ಲಿಮಾಕ್ಕೆ ಸಾಗಿಸಿದರು. ಅದಕ್ಕೆ ಇಂದು ಅವರದೇ ಹೆಸರು. ಆಂಡೀಸ್ ನಾಗರಿಕತೆಗೆ ಚಾವಿನ್ನೇ ತಾಯಿಬೇರು ಎಂಬುದು ಅಲ್ಲಿಂದ ಮುಂದೆ ಅವರ ಜೀವನದ ಸಿದ್ಧಾಂತವಾಯಿತು.

ಕೀರ್ತಿ ಬಂದಂತೆ ಕಷ್ಟವೂ ಬಂದಿತು. ಪರಾಕಾಸ್ ಎಂಬ ಮರಳುಗಾಡಿನಲ್ಲಿ 1927ರಲ್ಲಿ ಅವರ ತಂಡಕ್ಕೆ, ಸೊಗಸಾದ ಕಸೂತಿಯ ವಸ್ತ್ರಗಳಲ್ಲಿ ಸುತ್ತಿಟ್ಟ 429 ಶವಗಳ ಗಂಟುಗಳು ದೊರೆತವು. ಹನ್ನೆರಡು ವರ್ಷ ಅವರು ಶಾಸನಸಭೆಯಲ್ಲಿ ಹುವಾರೊಚಿರಿಯ ಪ್ರತಿನಿಧಿಯಾಗಿದ್ದರು. 1930ರಲ್ಲಿ ಸರ್ಕಾರ ಉರುಳಿದಾಗ, ತಾವು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯದ ಅಧಿಕಾರದಿಂದ ಅವರನ್ನು ತೆಗೆದುಹಾಕಲಾಯಿತು. ಅವರು ಎದೆಗುಂದದೆ ಮತ್ತೆ ಗುದ್ದಲಿ ಹಿಡಿದು ಬೆಟ್ಟಗಳ ಕಡೆ ನಡೆದರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1945ರ ಜನವರಿಯಲ್ಲಿ. ಬೆಟ್ಟದ ಮೇಲಿನ ಸರೋವರವೊಂದು ಒಡೆದು, ಕೆಸರು ಬಂಡೆಗಳ ಪ್ರವಾಹ ಚಾವಿನ್ ಮೇಲೆ ನುಗ್ಗಿತು. ಊರಿನ ಬಹುಭಾಗ ಹಾಳಾಯಿತು. ದೇವಾಲಯ ಮಣ್ಣಿನಡಿ ಮುಚ್ಚಿಹೋಯಿತು. ಅಲ್ಲಿ ಕೂಡಿಟ್ಟಿದ್ದ ಎಷ್ಟೋ ಶಿಲ್ಪಗಳು ಕೊಚ್ಚಿಹೋದವು. ಎರಡು ವರ್ಷಗಳ ತರುವಾಯ, 1947ರ ಜೂನ್ 3ರಂದು, ತೆಲ್ಲೊ ಕಣ್ಮುಚ್ಚಿದರು. ಅವರ ದೇಹವನ್ನು ಅವರೇ ಸ್ಥಾಪಿಸಿದ ವಸ್ತುಸಂಗ್ರಹಾಲಯದ ಆವರಣದಲ್ಲಿ ಸಮಾಧಿ ಮಾಡಿದರು. ಚಾವಿನ್ ಕುರಿತ ಅವರ ದೊಡ್ಡ ಗ್ರಂಥ ಶಿಷ್ಯರ ಶ್ರಮದಿಂದ ಅಚ್ಚಾಗಿ ಹೊರಬಂದದ್ದು 1960ರಲ್ಲಿ.

ಅವರು ಕಾಣದೆ ಹೋದ ಒಂದು ಅಪೂರ್ವ ರಚನೆಯನ್ನು ಇಲ್ಲಿ ಹೇಳಲೇಬೇಕು. 1972ರಲ್ಲಿ ಲುಯಿಸ್ ಲುಂಬ್ರೆರಾಸ್ ಅವರ ಉತ್ಖನನದಲ್ಲಿ, ಹಳೆಯ ದೇವಾಲಯದ ಮುಂದೆ ದುಂಡಾದ ಪ್ರಾಂಗಣವೊಂದು ಬೆಳಕಿಗೆ ಬಂದಿತು. ಅದರ ಅಡ್ಡಳತೆ ಸುಮಾರು 21 ಮೀಟರ್. ನೆಲಮಟ್ಟದಿಂದ ತಗ್ಗಿಗೆ ಇಳಿಸಿ ಕಟ್ಟಿದ್ದು. ಪೂರ್ವ ಪಶ್ಚಿಮಗಳಲ್ಲಿ ಮೆಟ್ಟಿಲುಗಳು. ಗೋಡೆಯ ಕೆಳಸಾಲಿನಲ್ಲಿ ಜಾಗ್ವಾರ್ ಎಂಬ ಚಿರತೆಜಾತಿಯ ಮೃಗಗಳು, ಮೇಲುಸಾಲಿನಲ್ಲಿ ಕೋರೆಹಲ್ಲಿನ ಮಾನವಾಕೃತಿಗಳ ಮೆರವಣಿಗೆ. ಅವರಲ್ಲೊಬ್ಬ ಅಮಲು ತರುವ ಕಳ್ಳಿಯನ್ನು ಹಿಡಿದಿದ್ದಾನೆ. ಇನ್ನೊಬ್ಬ ಶಂಖ ಊದುತ್ತಿದ್ದಾನೆ. 2001ರಲ್ಲಿ ಈ ಪ್ರಾಂಗಣದ ಪಕ್ಕದ ಓಣಿಯಲ್ಲಿಯೇ ಇಪ್ಪತ್ತು ಶಂಖಗಳು ದೊರೆತವು. ಅವು ದೂರದ ಬೆಚ್ಚನೆಯ ಕಡಲಿನಿಂದ ಬಂದವು. ಊದಿ ಊದಿ ಸವೆದವು. ತಗ್ಗಿನಲ್ಲಿ ನಿಂತ ಯಾತ್ರಿಕನಿಗೆ ಹೊರಗಿನ ಜಗತ್ತು ಮರೆಯಾಗಿ, ದೇವಾಲಯದ ಕಡೆಯ ಮೆಟ್ಟಿಲೂ ಶಂಖನಾದವೂ ಮಾತ್ರ ಉಳಿಯುತ್ತಿದ್ದವೆಂದು ನಾನು ಭಾವಿಸುತ್ತೇನೆ. ಆಮೇಲಿನ ಕಾಲದಲ್ಲಿ ಪಕ್ಕದಲ್ಲಿ 50 ಮೀಟರ್ ಚದರದ ಇನ್ನೊಂದು ಪ್ರಾಂಗಣವೂ ಎದ್ದಿತು. ಅಲ್ಲಿ ಹೆಚ್ಚು ಜನ ಸೇರಬಹುದಾಗಿತ್ತು.

ತೆಲ್ಲೊ ಅವರ ಸಿದ್ಧಾಂತ ಇಂದು ಹಾಗೆಯೇ ನಿಂತಿಲ್ಲ. ಚಾವಿನ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದಾದ ಕರಾಲ್ ಎಂಬ ನಗರವನ್ನು ರೂತ್ ಶಾಡಿ ಎಂಬ ವಿದುಷಿ ಅಗೆದು ತೋರಿಸಿದರು. 2001ರಲ್ಲಿ ಅದರ ಕಾಲ ನಿರ್ಣಯವಾಯಿತು. ತಗ್ಗಿನ ದುಂಡು ಪ್ರಾಂಗಣಗಳು ಅಲ್ಲಿಯೂ ಇವೆ. ಆದುದರಿಂದ ಚಾವಿನ್ ತಾಯಿಯಲ್ಲ, ಆ ಮನೆತನದ ಒಬ್ಬ ಸಮರ್ಥ ಮಗಳು. ಆದರೆ ಕರಾಲ್ ಸಹ ಪೆರುವಿನ ಮಣ್ಣಿನಲ್ಲಿಯೇ ಮೊಳೆತದ್ದು. ನಾಗರಿಕತೆ ಹೊರಗಿನಿಂದ ಬಂದ ದಾನವಲ್ಲವೆಂಬ ತೆಲ್ಲೊ ಅವರ ಮೂಲ ಮಾತು ಇದರಿಂದ ಇನ್ನಷ್ಟು ಗಟ್ಟಿಯಾಯಿತು. ವಿವರದಲ್ಲಿ ಸೋತು ತತ್ತ್ವದಲ್ಲಿ ಗೆಲ್ಲುವುದೂ ವಿದ್ವಾಂಸನಿಗೆ ಒಂದು ಭಾಗ್ಯವೇ.

ಅವರ ಹೆಸರಿನ ಕಂಬ 2008ರಲ್ಲಿ ಲಿಮಾ ಬಿಟ್ಟು, ಚಾವಿನ್‌ನಲ್ಲಿ ಕಟ್ಟಿದ ಹೊಸ ವಸ್ತುಸಂಗ್ರಹಾಲಯಕ್ಕೆ ಮರಳಿತು. ಒಂದು ಕಾಲದಲ್ಲಿ ಅದು ದುಂಡು ಪ್ರಾಂಗಣದ ನಡುವೆಯೇ ನಿಂತಿತ್ತೆಂದು ಕೆಲವು ವಿದ್ವಾಂಸರ ಊಹೆ. ಪತ್ರಿಕೆ ಮಾರಿ ಓದಿದ ಬೆಟ್ಟದ ಹುಡುಗ ತನ್ನ ಜನಕ್ಕೆ ಅವರ ಪೂರ್ವಿಕರನ್ನು ಮರಳಿ ಕೊಟ್ಟ. ಬಡತನದಲ್ಲಿ ಓದುತ್ತಿರುವ ನಮ್ಮಲ್ಲಿ ಹಲವರಿಗೆ ಅವರ ಬಾಳು ದಾರಿದೀಪವಾಗಲೆಂದು ಹಾರೈಸುತ್ತೇನೆ.