ಅಂತರ್ಬೋಧೆಯನ್ನು ಒರೆಗೆ ಹಚ್ಚಿದ ಗುರುದೇವ ರಾನಡೆ

ಸೊಲ್ಲಾಪುರದಿಂದ ಹೊಟಗಿಯ ಮಾರ್ಗವಾಗಿ ವಿಜಯಪುರಕ್ಕೆ ಸಾಗುವ ರೈಲು ಅಕ್ಕಲಕೋಟೆ ತಾಲ್ಲೂಕಿನ ತಡವಳವನ್ನು ಹಾದು ಕರ್ನಾಟಕವನ್ನು ಪ್ರವೇಶಿಸುತ್ತದೆ. ಇಂಡಿಯನ್ನು ದಾಟಿದ ಮೇಲೆ ನಿಂಬಾಳವೆಂಬ ಸಣ್ಣ ನಿಲ್ದಾಣ ಬರುತ್ತದೆ. ನಕ್ಷೆಯಲ್ಲಿ ಎರಡು ರಾಜ್ಯಗಳಿಗೆ ಹಂಚಿಹೋಗಿದ್ದರೂ ಇದು ಕನ್ನಡ, ಮರಾಠಿಗಳೆರಡರಲ್ಲಿಯೂ ಭಜನೆ ಹಾಡುವ ಒಂದೇ ಸೀಮೆ. ಮನುಷ್ಯನು ತನ್ನ ಅಂತರ್ಬೋಧೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಎದುರಿಸಿದ ತತ್ತ್ವಜ್ಞಾನಿ ರಾಮಚಂದ್ರ ದತ್ತಾತ್ರೇಯ ರಾನಡೆ ನೆಲೆನಿಂತದ್ದು ಈ ಸೀಮೆಯಲ್ಲಿಯೇ.

ರಾನಡೆಯವರು ಜನಿಸಿದ್ದು 1886ರ ಜುಲೈ 3ರಂದು, ಜಮಖಂಡಿಯಲ್ಲಿ. 1901ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಅವರಿಗೆ ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆಯಾಯಿತು. ನಿಂಬರಗಿಯ ಮಹಾರಾಜರಿಂದ ಹರಿದುಬಂದು ಇಂಚಗೇರಿಯಲ್ಲಿ ನೆಲೆಗೊಂಡ ಈ ಪರಂಪರೆಯಲ್ಲಿ ವಾದಕ್ಕಿಂತ ಸಾಧನೆಗೆ ಹೆಚ್ಚಿನ ಬೆಲೆ. ನಿತ್ಯವೂ ತಪ್ಪದೆ ನಾಮಸ್ಮರಣೆ ಮಾಡಬೇಕು. ಅನುಭವ ತಾನಾಗಿ ಮಾಗಬೇಕು.

ಪುಣೆಯ ಡೆಕ್ಕನ್ ಕಾಲೇಜಿನ ವಿದ್ಯಾಭ್ಯಾಸವು ಈ ತರುಣನನ್ನು ಪ್ರಖರ ತರ್ಕದ ಲೋಕಕ್ಕೆ ಕರೆದೊಯ್ದಿತು. ಗುರು ಕೊಟ್ಟ ನಾಮ ಒಂದು ಕಡೆ, ಪುರಾವೆಯನ್ನು ಕೇಳುವ ಬುದ್ಧಿ ಇನ್ನೊಂದು ಕಡೆ. ಇದರ ನಡುವೆ ತೀವ್ರವಾದ ಅನಾರೋಗ್ಯವೂ ಕಾಡಿತು. ಅವರು ಎರಡರಲ್ಲಿ ಒಂದನ್ನೂ ಬಿಡಲಿಲ್ಲ. 1914ರಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದರು, ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು, ಗ್ರೀಕ್ ದರ್ಶನವನ್ನೂ ಉಪನಿಷತ್ತುಗಳನ್ನೂ ಆಳವಾಗಿ ಅಭ್ಯಸಿಸಿದರು.

1924ರಲ್ಲಿ ಆ ವೃತ್ತಿಯನ್ನು ತೊರೆದು ನಿಂಬಾಳಕ್ಕೆ ಬಂದದ್ದು ಅವರ ಬಾಳಿನ ದೊಡ್ಡ ತಿರುವು. ಲೌಕಿಕ ಲೆಕ್ಕಾಚಾರಕ್ಕೆ ಒಗ್ಗದ ನಿರ್ಧಾರವದು. ಆದರೆ ಏಕಾಂತವು ಅವರ ವಿದ್ವತ್ತನ್ನು ಕುಂದಿಸಲಿಲ್ಲ. ಉಪನಿಷತ್ ದರ್ಶನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿ ಪ್ರಕಟವಾಯಿತು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಪ್ರಾಧ್ಯಾಪಕರಾಗಿ, ಕೆಲಕಾಲ ಕುಲಪತಿಯೂ ಆಗಿ, 1946ರಲ್ಲಿ ನಿವೃತ್ತರಾದರು.

ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತ 1933ರ ಗ್ರಂಥದಲ್ಲಿ ಅವರ ನಿಲುವು ಸ್ಪಷ್ಟವಾಗಿದೆ. ಅವರ ದೃಷ್ಟಿಯಲ್ಲಿ ಅಂತರ್ಬೋಧೆಯು ಬುದ್ಧಿ, ಭಾವ, ಸಂಕಲ್ಪಗಳಿಗೆ ಶತ್ರುವಲ್ಲ. ಆ ಮೂರರ ಹಿನ್ನೆಲೆಯಲ್ಲಿ ನಿಂತು ಅವುಗಳನ್ನು ಬೆಳಗುವ ಶಕ್ತಿ. ಹಾಗೆಂದು ಮನಸ್ಸಿಗೆ ಹೊಳೆದದ್ದೆಲ್ಲವೂ ಸತ್ಯವಾಗದು. ಬೇರೆ ಬೇರೆ ದೇಶಕಾಲಗಳ ಅನುಭಾವಿಗಳ ಅನುಭವದೊಡನೆ ಅದು ಹೊಂದುತ್ತದೆಯೆ? ಬುದ್ಧಿಯನ್ನು ಮಂಕಾಗಿಸದೆ ಹರಿತಗೊಳಿಸುತ್ತದೆಯೆ? ಭಾವವನ್ನು ಹಿರಿದಾಗಿಸುತ್ತದೆಯೆ? ನಡತೆಯನ್ನು ಶುದ್ಧಗೊಳಿಸುತ್ತದೆಯೆ? ಈ ಒರೆಗಲ್ಲಿನ ಮೇಲೆ ನಿಂತದ್ದನ್ನು ಮಾತ್ರ ನಂಬಬಹುದು. ಒಳದನಿಯನ್ನು ನಂಬುವುದು ಅವರಿಗೆ ದಿನದಿನದ ಶಿಸ್ತಾಗಿತ್ತು, ಹುಚ್ಚು ಧೈರ್ಯವಾಗಿರಲಿಲ್ಲ.

ಕನ್ನಡದ ಅನುಭಾವಿಗಳನ್ನೂ ಅವರು ಇದೇ ಕಣ್ಣಿನಿಂದ ಓದಿದರು. ಧಾರವಾಡದಲ್ಲಿ ನೀಡಿದ ಉಪನ್ಯಾಸಗಳು ಅವರ ನಿಧನಾನಂತರ ಗ್ರಂಥರೂಪ ಪಡೆದವು. ಪುರಂದರ, ಕನಕ, ನಿಜಗುಣ, ಸರ್ಪಭೂಷಣರು ಅಲ್ಲಿ ಕಾಲಾನುಕ್ರಮದಲ್ಲಿ ಸಾಲುಗಟ್ಟಿ ನಿಲ್ಲುವುದಿಲ್ಲ. ಸಾಧನೆಯ ಒಂದೊಂದು ಮೆಟ್ಟಿಲಿನಲ್ಲಿ ಸಹಪಥಿಕರಾಗಿ ಎದುರಾಗುತ್ತಾರೆ.

ರಾನಡೆಯವರು 1957ರ ಜೂನ್ 6ರಂದು ನಿಂಬಾಳದಲ್ಲಿಯೇ ದೇಹವಿಟ್ಟರು. ಪರೀಕ್ಷೆಗಾಗಿ ಕೀರ್ತನೆ, ತತ್ತ್ವಪದಗಳ ಕವಿ, ಕಾಲ, ಅಂಕಿತಗಳನ್ನು ನಾವು ಕಂಠಪಾಠ ಮಾಡುತ್ತೇವೆ. ಅದು ಬೇಕಾದದ್ದೇ. ಆದರೆ ಓದಿದ ಪದವು ನಮ್ಮ ಬುದ್ಧಿಯನ್ನೂ ನಡತೆಯನ್ನೂ ಎಷ್ಟು ತಿದ್ದಿತು ಎಂಬ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳದು. ಅದನ್ನು ನಮಗೆ ನಾವೇ ಕೇಳಿಕೊಳ್ಳಬೇಕೆಂಬುದನ್ನು ಈ ಪ್ರಾಧ್ಯಾಪಕರ ಬಾಳು ನೆನಪಿಸುತ್ತದೆ.