ಮೊದಲ ಚಾಟ್‌ಬಾಟ್ ಕಟ್ಟಿದವರೇ ಅದರ ಬಗ್ಗೆ ಎಚ್ಚರಿಸಿದ್ದೇಕೆ? ಜೋಸೆಫ್ ವೈಜನ್‌ಬಾಮ್ ಅವರ ಕಥೆ

ಎಐ ಈಗ ನಮ್ಮ ಭಾವನೆಗಳನ್ನು ಅರ್ಥ ಮಾಡಿಕೊಳ್ಳುವಷ್ಟು ಮುಂದುವರಿದಿದೆ, ಅದಕ್ಕೇ ಜನ ಅದನ್ನು ಇಷ್ಟೊಂದು ಹಚ್ಚಿಕೊಳ್ಳುತ್ತಿದ್ದಾರೆ. ಈ ಅರ್ಥದ ಸಂದೇಶಗಳನ್ನು ನೀವೂ ವಾಟ್ಸಾಪ್‌ನಲ್ಲಿ ನೋಡಿರಬಹುದು. ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ಇದರಲ್ಲಿ ಹೇಳಿರುವ ಕಾರಣ ತಪ್ಪು. ಸುಮಾರು 60 ವರ್ಷಗಳ ಹಿಂದೆ, ಒಂದು ಪದದ ಅರ್ಥವೂ ಗೊತ್ತಿಲ್ಲದ ಸಣ್ಣ ಪ್ರೋಗ್ರಾಂ ಒಂದರ ಮುಂದೆ ಜನ ತಮ್ಮ ಮನಸ್ಸು ಬಿಚ್ಚಿಟ್ಟಿದ್ದರು. ಅದನ್ನು ಬರೆದವರು ಜೋಸೆಫ್ ವೈಜನ್‌ಬಾಮ್. ಜನರ ಆ ವರ್ತನೆ ನೋಡಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದವರೂ ಅವರೇ. ಅವರ ಬದುಕನ್ನು ತಿಳಿದುಕೊಂಡರೆ ಯಂತ್ರದ ಮೇಲೆ ನಮಗೆ ಹುಟ್ಟುವ ಪ್ರೀತಿ ಎಲ್ಲಿಂದ ಬರುತ್ತದೆ ಎನ್ನುವುದೂ ತಿಳಿಯುತ್ತದೆ.

ಬರ್ಲಿನ್‌ನಿಂದ ಡೆಟ್ರಾಯಿಟ್‌ಗೆ

ವೈಜನ್‌ಬಾಮ್ ಹುಟ್ಟಿದ್ದು 1923ರ ಜನವರಿ 8ರಂದು, ಜರ್ಮನಿಯ ಬರ್ಲಿನ್‌ನ ಒಂದು ಯಹೂದಿ ಕುಟುಂಬದಲ್ಲಿ. ತಂದೆ ತುಪ್ಪಳದ ಉಡುಪು ತಯಾರಿಸುತ್ತಿದ್ದರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಬಾಲಕ ಜೋಸೆಫ್ ಓದುತ್ತಿದ್ದ ಶಾಲೆ ಬಿಟ್ಟು ಯಹೂದಿ ಹುಡುಗರ ಶಾಲೆಗೆ ಸೇರಬೇಕಾಯಿತು. 1936ರಲ್ಲಿ ಕುಟುಂಬ ದೇಶ ಬಿಟ್ಟು ಅಮೆರಿಕದ ಡೆಟ್ರಾಯಿಟ್ ಸೇರಿತು. ಆಗ ಅವರಿಗೆ 13 ವರ್ಷ. ಇಂಗ್ಲಿಷ್ ಬಾರದ ಹುಡುಗನಿಗೆ ಹೊಸ ಶಾಲೆಯಲ್ಲಿ ಆಸರೆಯಾದದ್ದು ಗಣಿತ. ಅದಕ್ಕೆ ಭಾಷೆ ಅಷ್ಟಾಗಿ ಬೇಕಿರಲಿಲ್ಲ.

1941ರಲ್ಲಿ ಅಲ್ಲಿನ ವೇಯ್ನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಸೇರಿದರು. ಎರಡನೇ ಮಹಾಯುದ್ಧದ ಕಾರಣ ಓದು ನಡುವೆಯೇ ನಿಂತಿತು. ಸೇನೆಯಲ್ಲಿ ಹವಾಮಾನ ವಿಭಾಗದಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಮರಳಿ ಬಂದು ಪದವಿ ಮುಗಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಟ್ಟುವ ತಂಡ ಸೇರಿಕೊಂಡರು. ಮುಂದೆ ಅದೇ ಅವರ ವೃತ್ತಿಯಾಯಿತು.

ನಿಮ್ಮ ಬಳಿ ಬ್ಯಾಂಕ್ ಚೆಕ್ ಪುಸ್ತಕ ಇದ್ದರೆ ಒಂದು ಹಾಳೆಯ ಕೆಳಭಾಗ ನೋಡಿ. ವಿಚಿತ್ರ ಆಕಾರದ ಅಂಕಿಗಳ ಒಂದು ಸಾಲು ಕಾಣುತ್ತದೆ. ಕಾಂತೀಯ ಶಾಯಿಯಲ್ಲಿ ಅಚ್ಚಾಗುವ ಈ ಅಂಕಿಗಳನ್ನು ಯಂತ್ರ ಓದಬಲ್ಲದು. 1950ರ ದಶಕದಲ್ಲಿ ಅಮೆರಿಕದ ಬ್ಯಾಂಕೊಂದರ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ ಅರ್ಮಾ ಎಂಬ ಯೋಜನೆಯಿಂದ ಈ ಪದ್ಧತಿ ಬಳಕೆಗೆ ಬಂತು. ಆ ಯೋಜನೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪರವಾಗಿ ದುಡಿದವರಲ್ಲಿ ವೈಜನ್‌ಬಾಮ್ ಕೂಡ ಒಬ್ಬರು. ಅಂದರೆ ಅವರು ಕಂಪ್ಯೂಟರ್ ವಿರೋಧಿಯಲ್ಲ. ಕಂಪ್ಯೂಟರನ್ನು ದಿನಬಳಕೆಗೆ ತಂದ ಪೀಳಿಗೆಯವರೇ ಅವರು.

ಎಲೈಜಾ ಹುಟ್ಟಿದ್ದು ಹೀಗೆ

1960ರ ದಶಕದ ಆರಂಭದಲ್ಲಿ ಅವರು ಪ್ರಸಿದ್ಧ ಎಂಐಟಿ ಸೇರಿದರು. ಅಲ್ಲಿ ಆಗ ಒಂದೇ ದೊಡ್ಡ ಕಂಪ್ಯೂಟರಿಗೆ ಹಲವು ಟೈಪ್‌ರೈಟರ್‌ಗಳನ್ನು ಜೋಡಿಸಿ, ಅನೇಕರು ಏಕಕಾಲಕ್ಕೆ ಬಳಸುವ ಏರ್ಪಾಡು ಬಂದಿತ್ತು. ನೀವು ಟೈಪ್ ಮಾಡಿದರೆ ಯಂತ್ರ ತಿರುಗಿ ಟೈಪ್ ಮಾಡುತ್ತದೆ. ಹಾಗಾದರೆ ಯಂತ್ರದ ಜೊತೆ ಮನುಷ್ಯರ ಭಾಷೆಯಲ್ಲೇ ಮಾತಾಡುವಂತೆ ಮಾಡಬಹುದೇ? ಈ ಪ್ರಶ್ನೆ ಹಿಡಿದು ಅವರು 1964ರಿಂದ 1966ರ ನಡುವೆ ಒಂದು ಪ್ರೋಗ್ರಾಂ ಬರೆದರು. ಬರ್ನಾರ್ಡ್ ಶಾ ಅವರ ನಾಟಕವೊಂದರಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಸಿರಿವಂತರ ಹಾಗೆ ಮಾತಾಡಲು ಕಲಿಯುತ್ತಾಳೆ. ಅವಳ ಹೆಸರನ್ನೇ ಪ್ರೋಗ್ರಾಂಗೆ ಇಟ್ಟರು: ಎಲೈಜಾ.

ಎಲೈಜಾದ ಹಲವು ವೇಷಗಳಲ್ಲಿ ಹೆಸರಾದದ್ದು ಡಾಕ್ಟರ್ ವೇಷ. ಕಾರ್ಲ್ ರಾಜರ್ಸ್ ಎಂಬ ಮನಶ್ಶಾಸ್ತ್ರಜ್ಞರ ಪದ್ಧತಿಯಲ್ಲಿ ಚಿಕಿತ್ಸಕರು ಹೆಚ್ಚು ಸಲಹೆ ಕೊಡುವುದಿಲ್ಲ. ಎದುರಿನವರು ಹೇಳಿದ್ದನ್ನೇ ಅವರಿಗೆ ತಿರುಗಿಸಿ ಹೇಳಿ, ಅವರೇ ಯೋಚಿಸುವಂತೆ ಮಾಡುತ್ತಾರೆ. ಎಲೈಜಾ ಇದರ ಅನುಕರಣೆ. ಈ ವೇಷ ಆರಿಸಲು ಕಾರಣ ಸರಳ. ಇಂತಹ ಚಿಕಿತ್ಸಕರು ಪ್ರಪಂಚದ ಬಗ್ಗೆ ಏನೂ ತಿಳಿಯದವರಂತೆ ಪ್ರಶ್ನೆ ಕೇಳಿದರೂ ಯಾರಿಗೂ ಅನುಮಾನ ಬರುವುದಿಲ್ಲ. ಕೇಳುವುದರ ಹಿಂದೆ ಏನೋ ಉದ್ದೇಶ ಇದೆ ಎಂದು ನಾವೇ ಅಂದುಕೊಳ್ಳುತ್ತೇವೆ.

ಅದು ಕೆಲಸ ಮಾಡುತ್ತಿದ್ದ ರೀತಿ ಹೀಗಿತ್ತು:

1. ನೀವು ಬರೆದ ವಾಕ್ಯದಲ್ಲಿ ಪಟ್ಟಿಯಲ್ಲಿರುವ ಪದ ಇದೆಯೇ ಎಂದು ಹುಡುಕುತ್ತದೆ. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಎಂದು ಬರೆದರೆ ಅಮ್ಮ ಎಂಬ ಪದ ಸಿಕ್ಕಿತು. ಕೂಡಲೇ ನಿಮ್ಮ ಕುಟುಂಬದ ಬಗ್ಗೆ ಇನ್ನಷ್ಟು ಹೇಳಿ ಎನ್ನುತ್ತದೆ.

2. ನಾನು, ನನ್ನ ಎಂದಿರುವ ಕಡೆ ನೀವು, ನಿಮ್ಮ ಎಂದು ಬದಲಿಸಿ, ನಿಮ್ಮ ವಾಕ್ಯವನ್ನೇ ಪ್ರಶ್ನೆಯಾಗಿ ತಿರುಗಿಸುತ್ತದೆ.

3. ಪಟ್ಟಿಯ ಯಾವ ಪದವೂ ಸಿಗದಿದ್ದರೆ, ಮುಂದುವರಿಸಿ ಎಂಬಂತಹ ಸಿದ್ಧ ಮಾತು ಹೇಳುತ್ತದೆ. ಇಲ್ಲವೇ ನೀವು ಸ್ವಲ್ಪ ಹೊತ್ತಿನ ಹಿಂದೆ ಹೇಳಿದ್ದನ್ನು ಮತ್ತೆ ಎತ್ತುತ್ತದೆ.

ಇಷ್ಟೇ. ಅಮ್ಮ ಎಂದರೆ ಯಾರು, ಸಿಟ್ಟು ಎಂದರೇನು ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. 1966ರ ಜನವರಿಯಲ್ಲಿ ಪ್ರಕಟವಾದ ಲೇಖನದಲ್ಲಿ ವೈಜನ್‌ಬಾಮ್ ಈ ತಂತ್ರವನ್ನೆಲ್ಲ ಬಿಡಿಸಿಟ್ಟರು. ಒಳಗುಟ್ಟು ತಿಳಿದ ಮೇಲೆ ಯಾರೂ ಮರುಳಾಗುವುದಿಲ್ಲ ಎಂಬುದು ಅವರ ಎಣಿಕೆಯಾಗಿತ್ತು.

ಕಾರ್ಯದರ್ಶಿಯ ಕೋರಿಕೆ

ಆ ಎಣಿಕೆ ಹುಸಿಯಾಯಿತು. ವೈಜನ್‌ಬಾಮ್ ಅವರ ಕಾರ್ಯದರ್ಶಿ ತಿಂಗಳುಗಟ್ಟಲೆ ಅವರು ಈ ಪ್ರೋಗ್ರಾಂ ಬರೆಯುವುದನ್ನು ನೋಡಿದ್ದವರು. ಅದು ಬರೀ ಪ್ರೋಗ್ರಾಂ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ದಿನ ಎಲೈಜಾ ಜೊತೆ ನಾಲ್ಕು ಮಾತು ಆಡುವಷ್ಟರಲ್ಲಿ, ದಯವಿಟ್ಟು ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನೇ ಕೇಳಿಕೊಂಡರು. ಆಡುತ್ತಿದ್ದ ಮಾತು ಅಷ್ಟು ಖಾಸಗಿಯಾಗಿತ್ತು.

ಇನ್ನೊಮ್ಮೆ, ಎಲೈಜಾ ಜೊತೆ ಜನ ಆಡಿದ ಮಾತುಗಳನ್ನೆಲ್ಲ ಉಳಿಸಿಟ್ಟು ಆಮೇಲೆ ನೋಡುವ ವಿಚಾರವನ್ನು ಅವರು ಮುಂದಿಟ್ಟರು. ಜನ ಕೂಡಲೇ ತಕರಾರು ಎತ್ತಿದರು. ಇದು ನಮ್ಮ ಅಂತರಂಗಕ್ಕೆ ಕದ್ದು ಕಿವಿಗೊಟ್ಟಂತೆ ಎನ್ನುವುದು ಅವರ ಆಕ್ಷೇಪ. ಕೆಲವು ಮನೋವೈದ್ಯರು ಮತ್ತೂ ಮುಂದೆ ಹೋದರು. ಇಂತಹ ಪ್ರೋಗ್ರಾಂಗಳನ್ನು ಬೆಳೆಸಿದರೆ ವೈದ್ಯರ ಕೊರತೆ ಇರುವಲ್ಲಿ ಅವುಗಳಿಂದಲೇ ಚಿಕಿತ್ಸೆ ಕೊಡಿಸಬಹುದು ಎಂದರು. ಸ್ಟ್ಯಾನ್‌ಫರ್ಡ್‌ನ ಕೆನೆತ್ ಕೋಲ್ಬಿ ಇವರಲ್ಲಿ ಮುಖ್ಯರು. ವೈಜನ್‌ಬಾಮ್ ಅವರಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದು. ಎದುರಿನವರ ಸಂಕಟವನ್ನು ತಾನೂ ಅನುಭವಿಸಬಲ್ಲ ಮನುಷ್ಯ ಇಲ್ಲದೆ ಚಿಕಿತ್ಸೆ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ.

ನಮ್ಮ ಮನಸ್ಸು ಹೀಗೇಕೆ?

ಸರಳ ಯಂತ್ರದಲ್ಲೂ ಮನುಷ್ಯನನ್ನು ಕಾಣುವ ಈ ಗುಣಕ್ಕೆ ಇಂದು ಎಲೈಜಾ ಪರಿಣಾಮ ಎಂದೇ ಹೆಸರು. ಇದು ದಡ್ಡತನವಲ್ಲ, ರೋಗವೂ ಅಲ್ಲ. ನಮ್ಮ ಮೆದುಳು ಇರುವುದೇ ಹಾಗೆ.

1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಒಂದು ಪುಟ್ಟ ಚಿತ್ರ ತಯಾರಿಸಿದರು. ಅದರಲ್ಲಿ ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಚಲಿಸುತ್ತವೆ. ಏನು ನೋಡಿದಿರಿ ಎಂದು ಮೊದಲ ಗುಂಪಿನ 34 ಜನರನ್ನು ಕೇಳಿದಾಗ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಜೀವಿಗಳ ಕಥೆಯನ್ನೇ ಹೇಳಿದರು. ಹೆಚ್ಚಿನವರಿಗೆ ಅಲ್ಲಿ ಕಂಡದ್ದು ಮನುಷ್ಯರ ಜಗಳ, ಭಯ, ಪ್ರೀತಿ. ಗೆರೆಗಳಿಗೂ ನಾವು ಮನಸ್ಸು ಕೊಡುತ್ತೇವೆ ಎಂದಾಯಿತು. ಮಾತಿಗೆ ಮಾತು ಕೊಡುವ ಯಂತ್ರವನ್ನು ಬಿಡುತ್ತೇವೆಯೇ?

1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಲಿಫರ್ಡ್ ನಾಸ್ ಮತ್ತು ಸಂಗಡಿಗರು ಇನ್ನೊಂದು ತಮಾಷೆ ಕಂಡರು. ಕಂಪ್ಯೂಟರಿನ ಕೆಲಸ ಹೇಗಿತ್ತು ಎಂದು ಅದೇ ಕಂಪ್ಯೂಟರಿನ ಮೂಲಕ ಕೇಳಿದರೆ ಜನ ಹೆಚ್ಚು ಹೊಗಳುತ್ತಿದ್ದರು. ಬೇರೆ ಕಂಪ್ಯೂಟರಿನಲ್ಲೋ ಕಾಗದದಲ್ಲೋ ಕೇಳಿದರೆ ಹೊಗಳಿಕೆ ಕಡಿಮೆ. ಮುಖದ ಮೇಲೆ ಕಟುವಾಗಿ ಹೇಳಬಾರದು ಎಂಬ ನಮ್ಮ ದಾಕ್ಷಿಣ್ಯ ಯಂತ್ರದ ಮುಂದೆಯೂ ಬಿಡುವುದಿಲ್ಲ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಯಂತ್ರ ನಮ್ಮ ಮಾತನ್ನು ನಡುವೆ ತುಂಡರಿಸುವುದಿಲ್ಲ, ಮುಖ ಸಿಂಡರಿಸುವುದಿಲ್ಲ, ಊರಿಗೆಲ್ಲ ಹೇಳೀತು ಎಂಬ ಅಳುಕೂ ಅಲ್ಲಿ ಕಡಿಮೆ. ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳುವುದು ಸುಲಭ. ಹೇಳಿದ ಮೇಲೆ ಎದೆ ಹಗುರವಾಗುವುದೂ ನಿಜ. ಆದರೆ ಆ ಹಗುರ ಬಂದದ್ದು ನಾವು ಹೇಳಿಕೊಂಡದ್ದರಿಂದ. ಅದಕ್ಕೆ ಯಂತ್ರ ನಮ್ಮನ್ನು ಅರ್ಥ ಮಾಡಿಕೊಂಡಿರಲೇಬೇಕು ಎಂದಿಲ್ಲ.

ಗೆಳೆಯರೇ ಎದುರಾಳಿಗಳಾದರು

ಅಮೆರಿಕ ಆಗ ವಿಯೆಟ್ನಾಂ ಯುದ್ಧದಲ್ಲಿತ್ತು. ಎಂಐಟಿಗೆ ಸೇನೆಯ ಹಣ ಹರಿದು ಬರುತ್ತಿತ್ತು. ನಾವು ತಂತ್ರಜ್ಞರು, ಬಳಕೆ ಹೇಗಾದರೂ ಆಗಲಿ ಎಂಬ ನಿಲುವು ಅವರಿಗೆ ಹಿಟ್ಲರನ ಜರ್ಮನಿಯನ್ನು ನೆನಪಿಸಿತು. ಯುದ್ಧದ ವಿರುದ್ಧ ಅವರು ಬಹಿರಂಗವಾಗಿ ನಿಂತರು.

1976ರಲ್ಲಿ ಅವರ ಹೆಸರಾಂತ ಪುಸ್ತಕ ಬಂತು. ಅದರ ತಿರುಳು ಇಷ್ಟು. ಲೆಕ್ಕ ಹಾಕಿ ತೀರ್ಮಾನಿಸುವುದು ಬೇರೆ, ವಿವೇಚನೆಯಿಂದ ಆಯ್ದುಕೊಳ್ಳುವುದು ಬೇರೆ. ಮೊದಲನೆಯದನ್ನು ಯಂತ್ರ ಮಾಡಬಲ್ಲದು. ಎರಡನೆಯದಕ್ಕೆ ಬಾಳಿ ಬದುಕಿದ ಅನುಭವ ಬೇಕು. ಯಂತ್ರಕ್ಕೆ ಏನು ಸಾಧ್ಯ ಎಂದಷ್ಟೇ ಕೇಳಿದರೆ ಸಾಲದು, ಯಾವ ಕೆಲಸವನ್ನು ಅದಕ್ಕೆ ಕೊಡಬಾರದು ಎಂದೂ ಕೇಳಬೇಕು. ಎಐ ಕ್ಷೇತ್ರದ ಹಿರಿಯರಾದ ಜಾನ್ ಮೆಕಾರ್ಥಿ ಈ ಪುಸ್ತಕವನ್ನು ಕಟುವಾಗಿ ಟೀಕಿಸಿದರು. ಇದರಲ್ಲಿ ವಾದಕ್ಕಿಂತ ನೀತಿಬೋಧೆ ಹೆಚ್ಚು, ಹೀಗೆ ಗೆರೆ ಎಳೆದರೆ ಸಂಶೋಧನೆಗೆ ಅಡ್ಡಿಯಾಗುತ್ತದೆ ಎನ್ನುವುದು ಅವರ ವಾದ. ಆ ಚರ್ಚೆ ಇಂದಿಗೂ ಮುಗಿದಿಲ್ಲ.

ವೈಜನ್‌ಬಾಮ್ 1996ರಲ್ಲಿ ತಾವು ಹುಟ್ಟಿದ ಬರ್ಲಿನ್‌ಗೇ ಮರಳಿದರು. ಕೊನೆಯವರೆಗೂ ಜರ್ಮನಿಯಲ್ಲಿ ಉಪನ್ಯಾಸ ಕೊಡುತ್ತಿದ್ದರು. 2008ರ ಮಾರ್ಚ್ 5ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದಿನ ಮಾತುಗಾರ ಎಐಗಳನ್ನು ಅವರು ನೋಡಲಿಲ್ಲ. ಎಲೈಜಾದ ಮೂಲ ಕೋಡ್ ಎಂಐಟಿಯ ಹಳೆಯ ಕಡತಗಳಲ್ಲಿ 2021ರಲ್ಲಿ ಮತ್ತೆ ಸಿಕ್ಕಿತು.

ಇಂದಿನ ಎಐ ಬೇರೆಯೇ ಅಲ್ಲವೇ?

ಹೌದು, ತುಂಬ ಬೇರೆ. ಎಲೈಜಾ ಬಳಿ ಇದ್ದದ್ದು ಸಣ್ಣ ಪಟ್ಟಿ. ಇಂದಿನ ಎಐ ಅಪಾರ ಬರಹಗಳಿಂದ ಭಾಷೆಯ ಜಾಡು ಕಲಿತು, ಮುಂದಿನ ಪದ ಯಾವುದು ಬರಬಹುದು ಎಂದು ಲೆಕ್ಕ ಹಾಕಿ ಉತ್ತರ ಕಟ್ಟುತ್ತದೆ. ಅದರ ಉತ್ತರ ಎಷ್ಟೋ ಬಾರಿ ನಿಜಕ್ಕೂ ಉಪಯುಕ್ತ. ಆದರೆ ಅದರ ಮಾತು ಆಪ್ತವಾಗಿದೆ ಎನ್ನುವುದು ಅದಕ್ಕೆ ನಮ್ಮ ಮೇಲೆ ಮಮತೆ ಇದೆ ಎನ್ನಲು ಸಾಕ್ಷಿಯಲ್ಲ. ಪಟ್ಟಿ ನೋಡಿ ಮಾತಾಡಿದ ಎಲೈಜಾಗೂ ಜನ ಮನಸೋತಿದ್ದರು ಎನ್ನುವುದೇ ಇದಕ್ಕೆ ಉತ್ತರ.

ಎರಡು ವ್ಯತ್ಯಾಸ ನೆನಪಿಡಿ. ಎಲೈಜಾ ಪ್ರಯೋಗಾಲಯದ ಪ್ರೋಗ್ರಾಂ, ಇಂದಿನವು ವ್ಯಾಪಾರದ ಸರಕು. ನೀವು ಹೇಳಿದ್ದು ಕಂಪನಿಯ ಸರ್ವರ್‌ನಲ್ಲಿ ಉಳಿಯಬಹುದು. ಎಲೈಜಾ ಸುಮ್ಮನೆ ಪ್ರಶ್ನೆ ಕೇಳುತ್ತಿತ್ತು, ಇಂದಿನವು ನೀವು ಹೇಳಿದ್ದಕ್ಕೆ ಹೂಂಗುಟ್ಟುವುದೂ ಉಂಟು. ನೀವು ತಪ್ಪು ದಾರಿಯಲ್ಲಿದ್ದಾಗ ಗದರಿಸುವ ಅಕ್ಕನಂತೆ ಅವು ತಡೆಯುತ್ತವೆ ಎಂದು ನಂಬಿ ಕೂರಬಾರದು.

ಹಾಗಾದರೆ ಏನು ಮಾಡಬೇಕು?

ಮನಸ್ಸಿನ ಮಾತನ್ನು ಎಐ ಜೊತೆ ಆಡುವವರನ್ನು ಗೇಲಿ ಮಾಡಬೇಡಿ. ಅವರ ಒಂಟಿತನ ನಿಜ. ಅವರ ಜೊತೆ ಅರ್ಧ ಗಂಟೆ ನೀವೇ ಕೂತು ಮಾತಾಡಿ. ನಿದ್ದೆ, ಊಟ, ಕೆಲಸ ಕೆಡುವಷ್ಟು ಯಾರಾದರೂ ಅದಕ್ಕೆ ಅಂಟಿಕೊಂಡಿದ್ದರೆ, ಅಥವಾ ಬದುಕುವುದೇ ಬೇಡ ಎನ್ನುವ ಮಾತು ಬಂದರೆ, ಆ ವಿಷಯವನ್ನು ಚಾಟ್‌ಬಾಟ್‌ಗೆ ಬಿಡಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. 2022ರಲ್ಲಿ ಶುರುವಾದ ಈ ಯೋಜನೆಯ ಪ್ರಧಾನ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಕೇಳಿಸಿಕೊಳ್ಳುವವರು ತರಬೇತಿ ಪಡೆದ ಮನುಷ್ಯರು.

ಎಐಗೆ ಭಾವನೆ ಬಂದಿದೆ ಎಂಬ ಫಾರ್ವರ್ಡ್ ಮತ್ತೆ ಬಂದರೆ, ಕಳಿಸಿದವರಿಗೆ ಆ ಕಾರ್ಯದರ್ಶಿಯ ಕಥೆ ಹೇಳಿ. ಜೊತೆಗೆ 14416 ಸಂಖ್ಯೆಯನ್ನೂ ಕಳಿಸಿ. ಆ ಗುಂಪಿನಲ್ಲಿ ಯಾರಿಗೋ ಅದು ಬೇಕಾಗಿರಬಹುದು.