ತಲೆಗೆ ಹೊಲಿಗೆ ಬಿದ್ದವನನ್ನೇ ಮುಂದೆ ಬಿಟ್ಟ ಕೋಚ್: ರಹೀಮ್ ಸಾಹೇಬರ ಲೆಕ್ಕಾಚಾರ

ವಳಕಮದಿನ್ನಿ: ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಊರುಗಳು 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ರಾಜ್ಯದ ರಾಜಧಾನಿಯ ಒಬ್ಬ ಶಾಲಾ ಮಾಸ್ತರರು ಭಾರತಕ್ಕೆ ಫುಟ್‌ಬಾಲ್‌ನಲ್ಲಿ ಎರಡು ಏಷ್ಯನ್ ಚಿನ್ನ ತಂದುಕೊಟ್ಟರು. ಅವರೇ ಕೋಚ್ ಸೈಯದ್ ಅಬ್ದುಲ್ ರಹೀಮ್.

1909ರಲ್ಲಿ ಹೈದರಾಬಾದ್‌ನಲ್ಲಿ ಹುಟ್ಟಿದ ರಹೀಮ್ ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಅವರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತ 1-0ರಿಂದ ಇರಾನ್ ತಂಡವನ್ನು ಸೋಲಿಸಿತು.

ಮರುವರ್ಷವೇ ಪೆಟ್ಟು ಬಿತ್ತು. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1 ಸೋಲು. ರಹೀಮ್ ಕೈಕಟ್ಟಿ ಕೂರಲಿಲ್ಲ. ಒಬ್ಬನೇ ಚೆಂಡು ಹಿಡಿದು ಓಡುವುದು ಬಿಡಿಸಿ ಬೇಗ ಪಾಸ್ ಕೊಡುವುದು ಕಲಿಸಿದರು. ಒಂದೇ ಕಾಲು ನೆಚ್ಚಿಕೊಂಡವರಿಗೆ ಎರಡೂ ಕಾಲಲ್ಲಿ ಒದೆಯುವ ಅಭ್ಯಾಸ ಮಾಡಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ, ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಕೂಡ ಇದ್ದರು.

ದೊಡ್ಡ ಪರೀಕ್ಷೆ ಬಂದದ್ದು 1962ರಲ್ಲಿ, ಜಕಾರ್ತಾದಲ್ಲಿ. ಆ ಹೊತ್ತಿಗೆ ರಹೀಮ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಥಾಯ್ಲೆಂಡ್ ಪಂದ್ಯ ಗೆದ್ದರೂ, ಹಿಂದೆ ಗೋಡೆಯಂತೆ ನಿಲ್ಲುತ್ತಿದ್ದ ಜರ್ನೈಲ್ ಸಿಂಗ್ ತಲೆಗೆ ಗಾಯವಾಗಿ ಹೊಲಿಗೆ ಬಿತ್ತು.

ಹುಷಾರಿನ ದಾರಿ ಅಂದರೆ ಅವರನ್ನು ಹೊರಗೆ ಕೂರಿಸುವುದು. ರಹೀಮ್ ಅವರನ್ನು ಸೆಮಿಫೈನಲ್‌ನಲ್ಲಿ ಗೋಲ್ ಹೊಡೆಯುವ ಮುಂದಿನ ಸಾಲಿಗೆ ಕಳಿಸಿದರು! ನೋಡುವವರಿಗೆ ಇದು ಹುಚ್ಚು ಸಾಹಸ. ಆದರೆ ಹಿಂದಿನ ಜಾಗ ಖಾಲಿ ಬಿಟ್ಟಿರಲಿಲ್ಲ, ಅಲ್ಲಿ ಅರುಣ್ ಘೋಷ್ ನಿಂತಿದ್ದರು. ಹಿಂದೆ ಭದ್ರ ಮಾಡಿಕೊಂಡೇ ಮುಂದೆ ಧೈರ್ಯ ತೋರಿಸಿದ್ದು. ದಕ್ಷಿಣ ವಿಯೆಟ್ನಾಂ ಮೇಲೆ 3-2 ಗೆಲುವು, ಅದರಲ್ಲಿ ಜರ್ನೈಲ್ ಅವರದೂ ಒಂದು ಗೋಲ್.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಸುಮಾರು ಒಂದು ಲಕ್ಷ ಜನ, ಬಹುಪಾಲು ಭಾರತದ ವಿರುದ್ಧವೇ ಕೂಗುತ್ತಿದ್ದರು. ಜ್ವರದಿಂದ ಎದ್ದ ಅನುಭವಿ ಗೋಲ್‌ಕೀಪರ್ ತಂಗರಾಜ್ ಅವರನ್ನು ರಹೀಮ್ ವಾಪಸ್ ಇಳಿಸಿದರು. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷಕ್ಕೆ ಜರ್ನೈಲ್ ಗೋಲ್ ಹೊಡೆದರು. ಕೊರಿಯಾ ಕೊನೆ ಹೊತ್ತಲ್ಲಿ ಒಂದು ಗೋಲ್ ಹೊಡೆದರೂ ಭಾರತ 2-1ರಿಂದ ಗೆದ್ದಿತು.

ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ಫುಟ್‌ಬಾಲ್ ಆಟಗಾರರಾಗಿದ್ದ ಅವರ ಮಗ ಎಸ್.ಎಸ್. ಹಕೀಂ 2021ರಲ್ಲಿ ನಮ್ಮ ಕಲಬುರಗಿಯಲ್ಲೇ ಕೊನೆಯುಸಿರೆಳೆದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಜಕಾರ್ತಾದ ಆ ಚಿನ್ನದ ನಂತರ ಭಾರತಕ್ಕೆ ಇನ್ನೊಂದು ಚಿನ್ನ ಬಂದಿಲ್ಲ.